ಸಬ್‌ಮರ್ಸಿಬಲ್ ಮೋಟರ್‌ಗೆ ನೀರಿನ ಬದಲು ಇಂಜಿನ್ ಆಯಿಲ್ ತುಂಬಬಹುದೇ?

"ಮೋಟರ್ ಒಳಗೆ ನೀರು ಹಾಕಬೇಡಿ, ಇಂಜಿನ್ ಆಯಿಲ್ ತುಂಬಿ, ಸುಡುವುದೇ ಇಲ್ಲ." ಇಂಥ ಸಲಹೆ ನಿಮ್ಮ ಫೋನಿಗೆ ಬಂದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಮಲಪ್ರಭಾ ನದಿ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗ ದಾಟಿ ಹರಿಯುವ ಈ ಭಾಗದಲ್ಲಿ ಮೋಟರ್ ಸುಟ್ಟರೆ ರೀವೈಂಡಿಂಗ್ ಖರ್ಚಷ್ಟೇ ಅಲ್ಲ, ಬೆಳೆಯೂ ಒಣಗುತ್ತದೆ.

ಈ ಸಲಹೆ ತಪ್ಪು. ನೀರು ತುಂಬುವ ಮೋಟರ್‌ನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಹೊದಿಕೆ ಗಟ್ಟಿಯಿರುವವರೆಗೆ ಒಳಗಿನ ನೀರಿನಿಂದ ಶಾರ್ಟ್ ಆಗುವುದಿಲ್ಲ. ಆ ನೀರಿಗೆ ಎರಡು ಕೆಲಸ: ಬುಷ್‌ಗಳು ಸವೆಯದಂತೆ ಜಾರಿಸುವುದು, ಶಾಖವನ್ನು ಹೊರಗೆ ಸಾಗಿಸುವುದು. ನೀರು ಎಣ್ಣೆಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಮೇಲಾಗಿ ಸೀಲ್ ಸವೆದರೆ ಆಯಿಲ್ ಸೇರುವುದು ನಿಮ್ಮದೇ ಬಾವಿಯ ನೀರಿಗೆ. ಎಣ್ಣೆ ತುಂಬುವ ಮೋಟರ್‌ಗಳೂ ಇವೆ, ನಿಜ. ಅವುಗಳ ರಚನೆಯೇ ಬೇರೆ, ಕಂಪನಿ ಹೇಳಿದ ಎಣ್ಣೆಯೇ ಆಗಬೇಕು. ನಿಮ್ಮದು ಯಾವುದೆಂದು ಕೈಪಿಡಿ ನೋಡಿ ತಿಳಿದುಕೊಳ್ಳಿ.

ನೀರೇ ಎಣ್ಣೆಯ ಕೆಲಸ ಮಾಡುವುದು ವಿಚಿತ್ರವೆನಿಸಬಹುದು. ಆದರೆ ಎಷ್ಟೋ ಹಳೆಯ ಮೋಟರ್ ಬೋಟ್‌ಗಳ ಪ್ರೊಪೆಲ್ಲರ್ ಶಾಫ್ಟ್ ತಿರುಗುವುದೂ ನೀರಿನಿಂದಲೇ ಜಾರುವ ರಬ್ಬರ್ ಬುಷ್‌ನಲ್ಲಿ. ಬುಷ್‌ನ ಉದ್ದದ ಗಾಡಿಗಳಲ್ಲಿ ಹರಿಯುವ ನೀರು ಮರಳನ್ನೂ ತೊಳೆದುಬಿಡುತ್ತದೆ. ತಮಾಷೆಯೆಂದರೆ ಈ ಉಪಾಯ ದೋಣಿಗೆ ಬಂದದ್ದು ಪಂಪಿನಿಂದ: ಅಮೆರಿಕದ ಗಣಿ ಎಂಜಿನಿಯರ್ ಶೆರ್ವುಡ್ ಗಣಿಯ ಪಂಪಿನಲ್ಲಿ ಸವೆದ ಬೇರಿಂಗ್ ಜಾಗಕ್ಕೆ ರಬ್ಬರ್ ಹೋಸ್ ತುಂಡು ಹಾಕಿದ್ದ.

ಬೋಟ್ ಆಗಲಿ, ಪಂಪ್ ಆಗಲಿ, ಒಣಗಿ ತಿರುಗಿದರೆ ಬುಷ್ ಬೇಗ ಹಾಳಾಗುತ್ತದೆ. ಬೇಸಿಗೆಯಲ್ಲಿ ಹೊಳೆ ಇಳಿದಾಗ ಆಗುವುದು ಇದೇ. ಡ್ರೈ ರನ್ ತಡೆಯುವ ಸಾಧನ ಸ್ಟಾರ್ಟರ್‌ಗೆ ಜೋಡಿಸಿ. ಮೋಟರ್ ಹೂಳಿನಲ್ಲಿ ಹುದುಗಲು ಬಿಡಬೇಡಿ. ಸುತ್ತ ನೀರು ಹರಿಯದಿದ್ದರೆ ಶಾಖ ಹೊರಹೋಗದು.

ಮೋಟರ್ ಮೇಲೆತ್ತಿದಾಗ ಪಂಪ್ ಬಿಚ್ಚಿ ಶಾಫ್ಟ್ ಅನ್ನು ಕೈಯಿಂದ ತಿರುಗಿಸಿ. ಬಿಗಿ ಹಿಡಿದರೆ, ಅಥವಾ ಅತ್ತಿತ್ತ ಅಲುಗಾಡಿದರೆ, ಬುಷ್ ನೋಡಿಸಬೇಕು. ಹಳೆಯ ನೀರು ಚೆಲ್ಲಿ, ಶುದ್ಧ ನೀರು ತುಂಬಿ, ಗುಳ್ಳೆ ನಿಲ್ಲುವವರೆಗೆ ಕಾಯ್ದು, ಮತ್ತೆ ತುಂಬಿ ಪ್ಲಗ್ ಬಿಗಿ ಮಾಡಿ. ಇಳಿಸುವ ಮೊದಲು ಮೆಕ್ಯಾನಿಕ್‌ನಿಂದ ಮೆಗ್ಗರ್ ಪರೀಕ್ಷೆ ಮಾಡಿಸಿ.

ಇಷ್ಟಕ್ಕೂ ಮುಂಚೆ ಮೇನ್ ಸ್ವಿಚ್ ತೆಗೆಯಿರಿ, ಸ್ಟಾರ್ಟರ್ ಬಟನ್ ಒತ್ತಿ ನಿಲ್ಲಿಸಿದರೆ ಸಾಲದು. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದಕೂಡಲೇ ಮೋಟರ್ ತಾನೇ ಶುರುವಾಗುತ್ತದೆ. ಕೇಬಲ್ ಎಲ್ಲಾದರೂ ಸುಲಿದಿದ್ದರೆ ನೀರಿಗಿಳಿದವರಿಗೆ ಶಾಕ್ ಹೊಡೆಯಬಹುದು.