ದೊಡ್ಡರೋಗದಿಂದ ಹಿರೇಬೇನೆಗೆ: ಎಂ. ಎಸ್. ಶೈಲಾ ಅವರ ಸಂಶೋಧನೆ ಮತ್ತು ಕಡೂರು ಸೀಮೆ

ದನಗಳ ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಸಿಡುಬನ್ನು ಬಿಟ್ಟರೆ ಹೀಗೆ ಅಳಿದ ರೋಗ ಇದೊಂದೇ. ಇದರ ವೈರಸ್ಸಿನ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಜೀವಕೋಶ ವಿಜ್ಞಾನ ವಿಭಾಗದಲ್ಲಿ ದೀರ್ಘಕಾಲ ಕೆಲಸ ಮಾಡಿದವರು ಎಂ. ಎಸ್. ಶೈಲಾ. ಅವರ ಸಂಶೋಧನೆಯಲ್ಲಿ ಓದುಗರ ಕಣ್ಣಿಗೆ ಮೊದಲು ಬೀಳುವುದು 'ಮೇವಿನಲ್ಲೇ ಲಸಿಕೆ' ಎಂಬ ಪ್ರಯೋಗ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ನೋಡಿದರೆ ತೂಕದ ಕೆಲಸ ಬೇರೆಯೇ ಇದೆ ಎಂಬುದು ನನ್ನ ವಾದ.

ಈ ಸೀಮೆ ಅಮೃತಮಹಲ್ ರಾಸುಗಳದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನ ಆಳ್ವಿಕೆಯಲ್ಲಿ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ, ಬೀರೂರು, ಬಾಸೂರು, ಲಿಂಗದಹಳ್ಳಿಗಳ ಕಾವಲುಗಳು ಆ ಪರಂಪರೆಯ ಉಳಿಕೆ. ದೊಡ್ಡರೋಗದ ವೈರಸ್ಸು ಬಿಸಿಲಿಗೆ ಬಿದ್ದರೆ ಬೇಗ ಸಾಯುತ್ತದೆ. ಉಳಿಯಬೇಕಾದರೆ ದನದಿಂದ ದನಕ್ಕೆ ಹತ್ತಿರದಲ್ಲೇ ದಾಟಬೇಕು. ಒಂದೇ ಕಾವಲಿನಲ್ಲಿ ಮೇದು, ಒಂದೇ ಕಟ್ಟೆಯಲ್ಲಿ ನೀರು ಕುಡಿಯುವ ಹಿಂಡಿಗಿಂತ ಹೆಚ್ಚಿನ ಅನುಕೂಲ ಅದಕ್ಕೆ ಇನ್ನೇನು ಬೇಕು? ಜ್ವರ ಬಂದ ಎರಡು-ಮೂರು ದಿನಕ್ಕೆ ಒಸಡಿನ ಮೇಲೆ ತೌಡು ಉದುರಿಸಿದಂತೆ ಬಿಳಿ ಪೊರೆ, ಆಮೇಲೆ ನಾತದ ಭೇದಿ. ಬಹಳಷ್ಟು ರಾಸುಗಳು ಸಾಯುತ್ತಿದ್ದವು. ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದೇ ಈ ರೋಗದ ಸೀರಮ್ಮಿಗಾಗಿ. ಆದರೆ ಸೀರಮ್ಮಿನಲ್ಲಿರುವುದು ಬೇರೆ ದನದ ಪ್ರತಿಕಾಯ; ಹಾಗೆ ಎರವಲು ಪಡೆದ ಪ್ರತಿಕಾಯಗಳಿಂದ ಸಿಗುವ ರಕ್ಷಣೆ ಕೆಲವೇ ದಿನಗಳದು. ರೋಗ ಬಂದು ಬದುಕಿದ ಹಸುವಿಗೋ ಅದು ಮತ್ತೆ ಜನ್ಮದಲ್ಲಿ ತಗಲುತ್ತಿರಲಿಲ್ಲ.

ಈ ಆಜೀವ ನೆನಪು ಉಳಿಯುವುದು ಹೇಗೆ? ವೈರಸ್ಸು ದೇಹ ಬಿಟ್ಟು ಹೋಗಿರುತ್ತದೆ, ಅದನ್ನು ಗುರುತಿಸಿದ ಜೀವಕೋಶಗಳೂ ಶಾಶ್ವತವಲ್ಲ. ಆರ್. ನಾಯಕ್, ಎಸ್. ಮಿತ್ರ-ಕೌಶಿಕ್ ಮತ್ತು ಶೈಲಾ 2001ರಲ್ಲಿ ಇದಕ್ಕೊಂದು 'ರಿಲೇ' ಊಹೆಯನ್ನು ಮುಂದಿಟ್ಟರು. ವೈರಸ್ಸಿನ ವಿರುದ್ಧ ಹುಟ್ಟಿದ ಪ್ರತಿಕಾಯದ ವಿರುದ್ಧವೇ ಇನ್ನೊಂದು ಪ್ರತಿಕಾಯ ಹುಟ್ಟುತ್ತದೆ. ಈ ಎರಡನೆಯದರ ಆಕಾರ ಮೂಲ ವೈರಸ್ಸಿನ ತುಣುಕನ್ನೇ ಹೋಲುತ್ತದೆ. ಹೀಗೆ ಹೋಲುವ ತುಣುಕುಗಳು ಟಿ ಕೋಶಗಳನ್ನು ಆಗಾಗ ಎಚ್ಚರಿಸುತ್ತ, ವೈರಸ್ಸಿಲ್ಲದೆಯೂ ನೆನಪನ್ನು ಒಂದು ತಲೆಮಾರಿನ ಕೋಶದಿಂದ ಮುಂದಿನದಕ್ಕೆ ದಾಟಿಸುತ್ತವೆ ಎಂಬುದು ಅದರ ತಿರುಳು. ನೀಲ್ಸ್ ಯೆರ್ನೆಯ ಪ್ರತಿಕಾಯಜಾಲದ ಸಿದ್ಧಾಂತದ ಮೇಲೆ ಕಟ್ಟಿದ ಊಹೆ ಇದು. ಸಿದ್ಧವಾದ ಸತ್ಯವೆಂದು ಇದನ್ನು ಓದಬಾರದು. ಆದರೆ ಪ್ರಶ್ನೆ ಸರಿಯಾದ ಪ್ರಶ್ನೆ.

ಇನ್ನು ಮೇವಿನ ಲಸಿಕೆ. ಜೀವಕೋಶಕ್ಕೆ ವೈರಸ್ಸು ಅಂಟಿಕೊಳ್ಳುವುದು ಎಚ್ ಎಂಬ ಪ್ರೋಟೀನಿನಿಂದ. ಆ ಪ್ರೋಟೀನಿನ ಜೀನನ್ನು ಕಡಲೆಕಾಯಿ ಗಿಡಕ್ಕೆ ಸೇರಿಸಿ, ಅದರ ಸೊಪ್ಪನ್ನು ದನಗಳಿಗೆ ತಿನ್ನಿಸಿದಾಗ ರಕ್ತದಲ್ಲಿ ಪ್ರತಿಕಾಯ ಕಾಣಿಸಿತೆಂದು ಎ. ಖಂಡೇಲ್‌ವಾಲ್, ಜಿ. ಲಕ್ಷ್ಮೀ ಸೀತಾ ಮತ್ತು ಶೈಲಾ 2003ರಲ್ಲಿ ವರದಿ ಮಾಡಿದರು. ಅದೇ ವರ್ಷ ತೊಗರಿಯಲ್ಲೂ ಆ ಪ್ರೋಟೀನು ತಯಾರಾಯಿತು. ಕಾವಲಿನಲ್ಲಿ ಬಿಡುಬೀಸಾಗಿ ಬೆಳೆದ ಅಮೃತಮಹಲ್ ರಾಸನ್ನು ಹಿಡಿದು ಸೂಜಿ ಚುಚ್ಚುವ ಪಾಡು ಬಲ್ಲವರಿಗೆ ಇದರ ಆಕರ್ಷಣೆ ಹೇಳಬೇಕಿಲ್ಲ. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು. ವಾಲ್ಟರ್ ಪ್ಲೋರೈಟ್ ರೂಪಿಸಿದ್ದ ಲಸಿಕೆಯೇ ರೋಗವನ್ನು ಮೂಲೆಗೆ ತಳ್ಳಿತ್ತು. ಭಾರತದ ಕೊನೆಯ ಪ್ರಕರಣ 1995ರದು.

ನನ್ನ ಲೆಕ್ಕದಲ್ಲಿ ಹೆಚ್ಚು ಬಾಳುವ ಕೆಲಸ ಅದಕ್ಕೂ ಹಿಂದಿನದು. 1987ರಲ್ಲಿ ತಮಿಳುನಾಡಿನ ಅರಸೂರಿನ ಕುರಿಗಳಲ್ಲಿ ಬಾಯಿಹುಣ್ಣು, ಗೊಣ್ಣೆ, ಭೇದಿ ಕಂಡಿತು. ನೋಡುವುದಕ್ಕೆ ದೊಡ್ಡರೋಗವೇ. ಅದು ದೊಡ್ಡರೋಗವಲ್ಲ, ಅದರ ದಾಯಾದಿ ಪಿಪಿಆರ್, ನಮ್ಮ ಕುರಿಗಾಹಿಗಳ ಬಾಯಲ್ಲಿ ಹಿರೇಬೇನೆ, ಎಂದು ಶೈಲಾ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದರು. ಭಾರತದಿಂದ ಬಂದ ಮೊದಲ ವರದಿ ಅದು. 1996ರಲ್ಲಿ ಈ ವೈರಸ್ಸಿನ ಎಫ್ ಜೀನಿನ ಒಂದು ತುಣುಕನ್ನು ಹೋಲಿಸಿ, ಆಫ್ರಿಕಾ ಮತ್ತು ಏಷ್ಯಾದ ತಳಿಗಳನ್ನು ನಾಲ್ಕು ವಂಶಗಳಾಗಿ ವಿಂಗಡಿಸಿದ ಪ್ರಬಂಧದಲ್ಲೂ ಅವರೇ ಮೊದಲ ಲೇಖಕರು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಇದು ಬರೀ ಹೆಸರಿಡುವ ಕೆಲಸವಾಗಿರಲಿಲ್ಲ. ಎರಡೂ ವೈರಸ್ಸುಗಳ ಪ್ರತಿಕಾಯಗಳು ಒಂದಕ್ಕೊಂದು ಸ್ಪಂದಿಸುತ್ತವೆ. ಹಾಗಾಗಿ ದನದ ಲಸಿಕೆಯನ್ನೇ ಕುರಿ-ಮೇಕೆಗಳಿಗೂ ಹಾಕಿ ಹಿರೇಬೇನೆ ತಡೆಯುವ ರೂಢಿಯಿತ್ತು. ಆದರೆ ದೊಡ್ಡರೋಗ ಇಲ್ಲವೆಂದು ರಕ್ತಪರೀಕ್ಷೆಯಿಂದ ಸಾಬೀತು ಮಾಡಬೇಕಾದ ದೇಶದಲ್ಲಿ ಕುರಿಯ ರಕ್ತದಲ್ಲಿ ಆ ಲಸಿಕೆಯ ಗುರುತು ಉಳಿದರೆ ಪರೀಕ್ಷೆಗೆ ಅರ್ಥವೇನು? ದನದ ಲಸಿಕೆ ನಿಲ್ಲಿಸಬೇಕಾಯಿತು, ಕುರಿಗೆ ಅದರದೇ ಲಸಿಕೆ ಬೇಕಾಯಿತು. ಹಾಗೆ ತಯಾರಾದ ಭಾರತೀಯ ಲಸಿಕೆಗಳಲ್ಲಿ ಒಂದು ಅರಸೂರಿನ 1987ರ ತಳಿಯದೇ. 2006ರಲ್ಲಿ ಭಾರತ ದೊಡ್ಡರೋಗದ ಸೋಂಕಿನಿಂದ ಮುಕ್ತವೆಂಬ ಮಾನ್ಯತೆ ಪಡೆಯಿತು. ಹಿರೇಬೇನೆಯನ್ನು ನಿರ್ಮೂಲ ಮಾಡಲು ಜಗತ್ತು ಇಟ್ಟುಕೊಂಡಿರುವ ಗಡುವು 2030. ಕಡೂರಿನ ಬಯಲಿನ ಕುರಿಮಂದೆಗಳೂ ಆ ಲೆಕ್ಕದೊಳಗಿವೆ.