ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ವೃದ್ಧರ ವೈದ್ಯೋಪಚಾರ: ಒಂದು ಐತಿಹಾಸಿಕ ಪರಿಶೀಲನೆ

ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಬಂಗಾರದ ತೂಕವನ್ನೂ ಸುರಂಗಗಳ ಆಳವನ್ನೂ ವರ್ಣಿಸಿದ್ದಾರೆ. ಆ ಬಂಗಾರವನ್ನು ತೆಗೆದ ಕೆಲಸಗಾರರಿಗೆ ಮುಪ್ಪಿನಲ್ಲಿ ಚಿಕಿತ್ಸೆ ಎಲ್ಲಿ ದೊರೆಯಿತು, ಯಾವ ಆಧಾರದ ಮೇಲೆ ದೊರೆಯಿತು ಎಂಬ ಪ್ರಶ್ನೆಗೆ ಈ ಚರಿತ್ರೆಯಲ್ಲಿ ಸ್ಥಳ ಕಡಮೆ. ಪ್ರಕೃತ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನೇ ಪರಿಶೀಲಿಸಲು ಯತ್ನಿಸುತ್ತೇವೆ.

1875ರಲ್ಲಿ ಮೈಕೇಲ್ ಲವೆಲ್ ಎಂಬಾತನು ಮೈಸೂರು ಸರ್ಕಾರದಿಂದ ಇಲ್ಲಿ ಗಣಿ ತೋಡುವ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟ ಮೇಲೆ ಗಣಿಗಾರಿಕೆ ನೆಲೆಗೊಂಡಿತು. ಆಗ ಬೌರಿಂಗ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಬಂಗಾರಪೇಟೆಯಿಂದ ಗಣಿಗಳವರೆಗೆ 1894ರಲ್ಲಿ ರೈಲು ಬಂದಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯೂ ಬಂದಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಕಡೆಗಳಿಂದ ಬಂದ ಕೆಲಸಗಾರರು ಕಂಪನಿಯ ಲೈನುಗಳಲ್ಲಿ ನೆಲಸಿದರು. ಅವರಿಗೂ ಅವರ ಕುಟುಂಬಗಳಿಗೂ ಚಾಂಪಿಯನ್ ರೀಫಿನಲ್ಲಿದ್ದ ಗಣಿಯ ಆಸ್ಪತ್ರೆಯೇ ಮುಖ್ಯ ಆಶ್ರಯವಾಯಿತು.

ಹೀಗೆ ಒಂದೇ ತಾಲ್ಲೂಕಿನಲ್ಲಿ ಎರಡು ಬಗೆಯ ವೈದ್ಯವ್ಯವಸ್ಥೆ ಏರ್ಪಟ್ಟಿತೆಂಬುದು ಗಮನಾರ್ಹ. ಗಣಿಯ ಮೇರೆಯೊಳಗೆ ಕಂಪನಿಯ ಆಸ್ಪತ್ರೆ; ಹೊರಗಿನ ರಾಗಿ ಹೊಲಗಳ ಹಳ್ಳಿಗಳಿಗೆ ಸರ್ಕಾರದ ಔಷಧಾಲಯ. ಮೈಸೂರು ಸಂಸ್ಥಾನವು ಗ್ರಾಮಾರೋಗ್ಯದ ವಿಷಯದಲ್ಲಿ ಹಿಂದುಳಿದಿರಲಿಲ್ಲ. 1930ರ ದಶಕದಲ್ಲಿಯೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಂದಿನ ರಾಮನಗರದಲ್ಲಿ ಆರೋಗ್ಯ ಘಟಕವೊಂದನ್ನು ಅದು ನಡೆಸಿತ್ತು. 1946ರ ಭೋರ್ ಸಮಿತಿಯ ವರದಿಯ ತರುವಾಯ ಪ್ರಾಥಮಿಕ ಆರೋಗ್ಯ ಕೇಂದ್ರವೆಂಬ ಕಲ್ಪನೆ ದೇಶದಲ್ಲೆಲ್ಲ ಹಬ್ಬಿತು. ಆದರೆ ಈ ಕೇಂದ್ರಗಳ ಗಮನವೆಲ್ಲ ಸಾಂಕ್ರಾಮಿಕ ರೋಗ, ಹೆರಿಗೆ, ಶಿಶುಪಾಲನೆಗಳ ಕಡೆಗೆ ಹರಿಯಿತು. ಮುಪ್ಪಿನ ರೋಗಗಳು ಪ್ರತ್ಯೇಕ ಗಮನಕ್ಕೆ ಬರಲು ಬಹುಕಾಲ ಹಿಡಿಯಿತು.

ಗಣಿಯವರ ಸ್ಥಿತಿಗಾದರೋ ಇನ್ನೊಂದು ವಿಶೇಷವಿದೆ. ಬಂಡೆಯನ್ನು ಕೊರೆಯುವಾಗ ಏಳುವ ನುಣುಪಾದ ಧೂಳು ಶ್ವಾಸಕೋಶದಲ್ಲಿ ನೆಲಸಿ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತದೆ. ಭಾರತದಲ್ಲಿ ಈ ರೋಗ ಮೊಟ್ಟಮೊದಲು ವರದಿಯಾದುದು 1947ರಲ್ಲಿ, ಇದೇ ಗಣಿಗಳಿಂದ. ಇದನ್ನು ಗುಣಪಡಿಸುವ ಔಷಧವಿಲ್ಲ; ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಧೂಳಿನಿಂದ ದೂರವಾದ ಮೇಲೂ ಅದು ಬೆಳೆಯಬಲ್ಲುದು. ಎಂದರೆ ಯೌವನದಲ್ಲಿ ಸೇರಿದ ಧೂಳು ಕೆಲಸ ಬಿಟ್ಟ ಎಷ್ಟೋ ವರ್ಷಗಳಾದ ಮೇಲೆ ಉಸಿರನ್ನು ಕಟ್ಟಬಹುದು. ರೋಗಕ್ಕೆ ಕಾರಣವಾದುದು ದುಡಿಮೆ. ರೋಗ ಕಾಡುವುದು ದುಡಿಮೆ ಮುಗಿದ ಬಳಿಕ.

ಕಾನೂನು ಈ ಅಂತರವನ್ನು ತುಂಬಿತೆ? 1948ರ ನೌಕರರ ರಾಜ್ಯ ವಿಮಾ ಕಾಯಿದೆ ಕಾರ್ಖಾನೆಯ ಕೆಲಸಗಾರರಿಗೆ ವೈದ್ಯೋಪಚಾರವನ್ನು ಹಕ್ಕನ್ನಾಗಿ ಮಾಡಿತು. ಆದರೆ ಗಣಿ ಕಾಯಿದೆಗೆ ಒಳಪಟ್ಟ ಗಣಿಗಳನ್ನು ಅದು ‘ಕಾರ್ಖಾನೆ’ ಎಂಬ ಪದದ ವ್ಯಾಖ್ಯೆಯಿಂದ ಹೊರಗಿರಿಸಿತು. ಆದುದರಿಂದ ಗಣಿ ಕೆಲಸಗಾರನ ಪಾಲಿಗೆ ಚಿಕಿತ್ಸೆಯು ಮಾಲೀಕನ ಆಸ್ಪತ್ರೆಯೊಡನೆಯೇ ಬೆಸೆದುಕೊಂಡು ಉಳಿಯಿತು. ಮಾಲೀಕರು ಬದಲಾದರು: 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ. ಬೆಸುಗೆ ಮಾತ್ರ ಬದಲಾಗಲಿಲ್ಲ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಈ ಏರ್ಪಾಟಿನ ದೌರ್ಬಲ್ಯ ಬಯಲಾಯಿತು. ಗಣಿಯ ಹಿಂದೆಯೇ ಆಸ್ಪತ್ರೆಯೂ ನಿಂತಿತು. ದುಡಿಯಬಲ್ಲ ಮಕ್ಕಳು ಮುಂಜಾನೆಯ ರೈಲು ಹಿಡಿದು, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವುದು ವಾಡಿಕೆಯಾಯಿತು. ಹಗಲೆಲ್ಲ ಲೈನುಗಳಲ್ಲಿ ಉಳಿಯುವವರು ಮುದುಕರು. ಗಾಳಿ ಬೀಸಿದಾಗ ಸೈನೈಡ್ ದಿಬ್ಬಗಳ ಧೂಳು ಅವರ ಮನೆಗಳ ಮೇಲೆಯೇ ಎರಗುತ್ತದೆ. ಸರ್ಕಾರಿ ಆಸ್ಪತ್ರೆಗಳೂ, ಕೋಲಾರದ ಬಳಿಯ ಟಮಕದಲ್ಲಿ 1986ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಉಂಟು, ನಿಜ. ಆದರೆ ನಾಲ್ಕು ಹೆಜ್ಜೆಗೆ ಏದುಸಿರು ಬರುವವನಿಗೆ ಜೊತೆಗಾರರಿಲ್ಲದ ಬಸ್ಸಿನ ಪ್ರಯಾಣವೇ ದೊಡ್ಡ ಅಡ್ಡಿ.

2021ರಲ್ಲಿ ಕೋವಿಡ್ ವ್ಯಾಪಿಸಿದಾಗ, ವರ್ಷಗಳಿಂದ ಮುಚ್ಚಿದ್ದ ಗಣಿ ಆಸ್ಪತ್ರೆಯನ್ನು ಸ್ವಯಂಸೇವಕರು ಶುಚಿಗೊಳಿಸಿ, ಅದನ್ನು ಆರೈಕೆ ಕೇಂದ್ರವಾಗಿ ಸಜ್ಜುಗೊಳಿಸಿದರು. ಕಟ್ಟಡ ನಿರುಪಯುಕ್ತವಾಗಿರಲಿಲ್ಲ, ಅದನ್ನು ನಡೆಸುವ ಹೊಣೆ ಮಾತ್ರ ಯಾರದೂ ಆಗಿರಲಿಲ್ಲವೆಂದು ಇದರಿಂದ ವೇದ್ಯವಾಗುತ್ತದೆ. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು 70 ವರ್ಷ ತುಂಬಿದವರೆಲ್ಲರಿಗೂ ವಿಸ್ತರಿಸಲಾಯಿತು. ನೌಕರಿಯನ್ನಲ್ಲದೆ ವಯಸ್ಸನ್ನೇ ಆಧಾರವಾಗಿ ಹಿಡಿದುದು ಇದರ ಹಿರಿಮೆ. ಆದರೆ ಈ ಯೋಜನೆ ಆಸ್ಪತ್ರೆಗೆ ಸೇರಿದವರ ವೆಚ್ಚವನ್ನು ಭರಿಸುವಂಥದು. ಬಾಗಿಲವರೆಗೆ ಕರೆದೊಯ್ಯುವ ಕೆಲಸ, ತಿಂಗಳು ತಿಂಗಳೂ ಉಸಿರಾಟವನ್ನು ಪರೀಕ್ಷಿಸುವ ಕೆಲಸ ಇನ್ನೂ ಉಳಿದಿದೆ.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ತತ್ತ್ವ ಸರಳವಾದುದು. ಆರೋಗ್ಯದ ಹಕ್ಕು ಕೆಲಸದ ಚೀಟಿಗೆ ಅಂಟಿಕೊಂಡಿದ್ದರೆ ಚೀಟಿಯೊಡನೆಯೇ ಅದೂ ಹರಿದುಹೋಗುತ್ತದೆ. ಗಣಿಗೆ ಕಟ್ಟಕಡೆಯಲ್ಲಿ ಇಳಿದವರೂ ಈಗ ಮುಪ್ಪಿನತ್ತ ಸಾಗುತ್ತಿದ್ದಾರೆ. ಅವರ ಎದೆಯಲ್ಲಿರುವ ಧೂಳಿನ ಲೆಕ್ಕವನ್ನು ಅವರು ಬದುಕಿರುವಾಗಲೇ ಬರೆದಿಡುವುದು ಇತಿಹಾಸದ ವಿದ್ಯಾರ್ಥಿಗಳ ಕರ್ತವ್ಯ. ಅದಕ್ಕೆ ಉಪಚಾರ ಒದಗಿಸುವುದು ಸಮಾಜದ ಋಣ.