ಕೈಚಕ್ರ ಹೋಯಿತು, ಕಸಬು ಉಳಿಯಿತು

ಗೋವಿಂದರಾಜನಗರದ ತರುಣ ವಾಚಕರೇ, ಕೃತಕ ಬುದ್ಧಿಮತ್ತೆ ಬಂದಮೇಲೆ ನಿಮಗೆ ಕೆಲಸ ಉಳಿದೀತೇ ಎಂದು ಅಂಜುತ್ತಿದ್ದೀರಲ್ಲವೇ? ಉತ್ತರವನ್ನು ಬಹುದೂರ ಅರಸಬೇಕಾದುದಿಲ್ಲ. ನಿಮ್ಮ ಸಮೀಪದ ರಾಜಾಜಿನಗರದ ಕೈಗಾರಿಕಾ ವಸಾಹತುವಿನಲ್ಲಿಯೇ ಅದರ ಚರಿತ್ರೆ ಉಂಟು.

1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಅಂದಿನ ಟರ್ನರನು ಲೇತಿನ ಮುಂದೆ ನಿಂತು, ಕೈಚಕ್ರ ತಿರುಗಿಸಿ ಉಕ್ಕನ್ನು ಕಡೆಯುತ್ತಿದ್ದನು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಆರಂಭವಾಯಿತು. ಅನಂತರ ಗಣಕದ ಆಜ್ಞೆಯಂತೆ ನಡೆಯುವ ಸಿ.ಎನ್.ಸಿ. ಯಂತ್ರಗಳು ಬಂದವು; ಕೈಚಕ್ರದ ಕೆಲಸವನ್ನು ಕಸಿದುಕೊಂಡವು. ಕೈಚಳಕವೊಂದನ್ನೇ ನಂಬಿದವರು ಹಿಂದುಳಿದರು. ನಕ್ಷೆ ಓದಬಲ್ಲವರು, ಲೋಹದ ಗುಣ ಅರಿತವರು, ಮೈಕ್ರೋಮೀಟರ್ ಹಿಡಿದು ಅಳತೆಯ ತಪ್ಪು ಕಾಣಬಲ್ಲವರು ಹೊಸ ಯಂತ್ರಕ್ಕೂ ಬೇಕಾದರು. ಏಕೆಂದರೆ ಯಂತ್ರವು ಕೊಟ್ಟ ಆಜ್ಞೆಯನ್ನು ತಪ್ಪದೆ ನಡೆಸುತ್ತದೆ. ಆಜ್ಞೆಯೇ ತಪ್ಪಾದರೆ, ಆ ತಪ್ಪನ್ನೂ ತಪ್ಪದೆ ಮಾಡುತ್ತದೆ!

ಆದರೆ ಈಗಿನ ಕಷ್ಟವೊಂದನ್ನು ಮರೆಮಾಚಲಾಗದು. ಹಿಂದೆ ಅರದಿಂದ ತಿಕ್ಕುವಂಥ ಸಣ್ಣ ಕೆಲಸದಿಂದಲೇ ಹೊಸಬನಿಗೆ ಲೋಹದ ಗುಣ ತಿಳಿಯುತ್ತಿತ್ತು. ಇಂದು ಕರಡು ಬರೆಯುವ, ಲೆಕ್ಕ ಹೊಂದಿಸುವ ಸಣ್ಣ ಕೆಲಸಗಳನ್ನೇ ಕೃತಕ ಬುದ್ಧಿಮತ್ತೆ ಮಾಡತೊಡಗಿದೆ. ಮೊದಲ ಮೆಟ್ಟಿಲೇ ಹೋದರೆ ಏರುವುದು ಹೇಗೆ?

ಆದುದರಿಂದ ಆ ಮೆಟ್ಟಿಲನ್ನು ನೀವೇ ಕಟ್ಟಿಕೊಳ್ಳಬೇಕು. ಕೆಲಸವನ್ನು ಮೊದಲು ಸ್ವಂತವಾಗಿ ಮಾಡಿ. ಆಮೇಲೆ ಯಂತ್ರದಿಂದ ಮಾಡಿಸಿ. ಎರಡನ್ನೂ ಹೋಲಿಸಿ ನೋಡಿ. ಯಾವುದು ಸರಿ, ಏಕೆ ಸರಿ ಎಂದು ಕಾರಣಸಹಿತ ಹೇಳಬಲ್ಲವರನ್ನು ಕಾರ್ಖಾನೆಯಾಗಲಿ ಕಚೇರಿಯಾಗಲಿ ಸುಲಭವಾಗಿ ಬಿಟ್ಟುಕೊಡದು.